ಬಲಕ್ಕೆ ಬಿದ್ದರೆ ಶೇತಿ, ಎಡಕ್ಕೆ ಬಿದ್ದರೆ ಸಂಸ್ಕೃತ

ಆಗಿನ ಮೇ ತಿಂಗಳೆಂದರೆ ನಮ್ಮ ಮನೆಯಲ್ಲಿ ಖಾರ ಕುಟ್ಟುವ ತಿಂಗಳು. ಅಪ್ಪನದು ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿಯ ಅಡತಿ ಅಂಗಡಿ. ವರ್ಷದ ಮಸಾಲೆ ಖಾರಕ್ಕೆಂದು ಒಳ್ಳೆಯ ಸಂಕೇಶ್ವರಿ ಮೆಣಸಿನಕಾಯಿಯನ್ನು ಅವನೇ ಆರಿಸಿ ಚೀಲ ಕಟ್ಟಿಸಿ ತರುತ್ತಿದ್ದ. ಅಂಗಳದ ತುಂಬ ಅದನ್ನು ಹರವಿದರೆ ಬೀದಿಯಲ್ಲಿ ಹೋಗುವವರೆಲ್ಲ ಸೀನಿಕೊಂಡೇ ಹೋಗಬೇಕು. ನಾವು ಮಕ್ಕಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದೆವು. ಸಂಜೆ ಕೈಯ ಉರಿ ಆರಲೆಂದು ಅವ್ವ ಮಜ್ಜಿಗೆಯ ಬೋಗುಣಿಯಲ್ಲಿ ನಮ್ಮ ಕೈ ಅದ್ದಿಸುತ್ತಿದ್ದಳು. ಅದೇ ಕೈಯಿಂದ ಕಣ್ಣುಜ್ಜಿಕೊಂಡು ಗೋಳೋ ಎಂದು ಅಳದ ಮಕ್ಕಳು ನಮ್ಮ ಓಣಿಯಲ್ಲಿ ಇರಲಿಕ್ಕಿಲ್ಲ. ನಾನು ಏಳನೇ ಇಯತ್ತೆ ಪಾಸಾದ ವರ್ಷ ಮಾತ್ರ ಮೆಣಸಿನಕಾಯಿ ಮುಟ್ಟದೆಯೇ ಅತ್ತೆ. ಹೈಸ್ಕೂಲಿನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಮಾತಿಗೆ ಅತ್ತೆ.

ಇವತ್ತಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಗಡಹಿಂಗ್ಲಜದಿಂದ ನಡೆದು ಮುಟ್ಟುವಷ್ಟು ದೂರದ ಹಳ್ಳಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಊರ ಸಾಲಿ ಏಳಕ್ಕೆ ಮುಗಿಯುತ್ತಿತ್ತು. ಎಂಟಕ್ಕೆ ಪೇಟೆಯ ಹಳೆಯ ಹೈಸ್ಕೂಲಿಗೆ ಹೋಗಬೇಕು, ಹೋಗುವ ಮೊದಲು ವಿಷಯ ಆರಿಸಿಕೊಳ್ಳಬೇಕು. ಮರಾಠಿ, ಇಂಗ್ಲಿಷು, ಗಣಿತ ಯಾರಿಗೂ ತಪ್ಪಿದ್ದಲ್ಲ. ಅದರ ಮೇಲೆ ಆಯ್ಕೆಯದೊಂದು. ಸಂಸ್ಕೃತ ತೆಗೆದುಕೊಂಡವರು 'ಅ' ತುಕಡಿ. ಟೆಕ್ನಿಕಲ್ ತೆಗೆದುಕೊಂಡವರು 'ಬ'. ಅವರು ಕಬ್ಬಿಣ ತಿಕ್ಕುತ್ತಿದ್ದರು, ಮರ ಕೊರೆಯುತ್ತಿದ್ದರು, ದೊಡ್ಡ ಹಲಗೆಯ ಮೇಲೆ ನಕ್ಷೆ ತೆಗೆಯುತ್ತಿದ್ದರು. ಹೊಲಿಗೆ ಮತ್ತು ಗೃಹಶಾಸ್ತ್ರದವರು 'ಕ'. ಕೊನೆಗೆ ಶೇತಿ, ಅಂದರೆ ಒಕ್ಕಲುತನ, ಅದು 'ಡ' ತುಕಡಿ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅಕ್ಷರ ಹಿಂದೆ ಸರಿದಷ್ಟೂ ಹುಡುಗರು ದಡ್ಡರೆಂದು ಊರಿಗೆ ಊರೇ ತಿಳಿದಿತ್ತು. ಸಂಸ್ಕೃತಕ್ಕೆ ಮಾರ್ಕು ಸುರಿಯುತ್ತವೆ, ಶೇತಿಗೆ ಬೆವರು ಸುರಿಯುತ್ತದೆ ಎಂದು ಅಪ್ಪನ ಪೇಟೆಯಲ್ಲಿ ಮಾತಿತ್ತು.

ಇನ್ನೊಂದು ಸಂಗತಿ. 'ಅ' ಮತ್ತು 'ಬ' ತುಕಡಿಗಳಿಗೆ ಮಧ್ಯಾಹ್ನದ ಸಾಲಿ. 'ಕ' ಮತ್ತು 'ಡ' ತುಕಡಿಗಳಿಗೆ ಮುಂಜಾನೆಯ ಸಾಲಿ, ಬಿಸಿಲೇರುವ ಮೊದಲು ಹೊಲದ ಕೆಲಸ ಮುಗಿಯಲೆಂದು. ನನ್ನ ಅಳುವೆಲ್ಲ ಹುಟ್ಟಿದ್ದು ಈ ಹೊತ್ತಿನ ವ್ಯತ್ಯಾಸದಿಂದ.

ಮಾಯವ್ವ ನನ್ನ ಗೆಳತಿ, ಬೀರಪ್ಪ ಕಾಕಾನ ಮಗಳು. ಅವರದು ಕುರಿಯ ಮಂದೆ. ಜೂನಿನ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಮಂದೆ ನಮ್ಮೂರು ಬಿಟ್ಟು, ಮಳೆ ಕಡಿಮೆ ಇರುವ ಮೂಡಣ ಸೀಮೆಗೆ ಹೊರಟುಬಿಡುತ್ತಿತ್ತು. ದೀಪಾವಳಿ ಕಳೆದ ಮೇಲೆಯೇ ತಿರುಗಿ ಬರುವುದು. ಮಾಯವ್ವ ಅವಳ ಸೋದರತ್ತೆಯ ಜೊತೆ ಊರಲ್ಲೇ ಉಳಿದು ಸಾಲಿಗೆ ಬರುತ್ತಿದ್ದಳು. ಆದರೂ ಮಂದೆಯಲ್ಲಿ ಯಾರಿಗಾದರೂ ಜ್ವರ ಬಂತು, ಮರಿಗಳು ಹೆಚ್ಚಾದವು ಎಂದು ನಡುನಡುವೆ ಕರೆ ಬರುತ್ತಿತ್ತು, ಅವಳು ಹೋಗುತ್ತಿದ್ದಳು. ಹಾಗಾಗಿ ಪಾಸಾಗುತ್ತಿದ್ದಳೇ ಹೊರತು 'ಅ' ತುಕಡಿಗೆ ಬೇಕಾದಷ್ಟು ಮಾರ್ಕು ಅವಳಿಗೆ ಎಂದೂ ಬರಲಿಲ್ಲ. ಅದಕ್ಕೆ ಅವಳೇನೂ ತಲೆ ಕೆಡಿಸಿಕೊಂಡವಳಲ್ಲ. ಗಜ್ಜುಗದ ಆಟದಲ್ಲಿ ನನ್ನ ಗಜ್ಜುಗವನ್ನೆಲ್ಲ ಗೆದ್ದು ಉಡಿಯಲ್ಲಿ ಕಟ್ಟಿಕೊಂಡು, "ಮಾರ್ಕ ನೀ ಇಟ್ಕೋ, ಇವನ್ನ ನಾ ಇಟ್ಕೋತೇನಿ" ಎಂದು ಹಲ್ಲು ಕಿಸಿಯುತ್ತಿದ್ದಳು. ಅವಳ ಕೂದಲಿಗೆ ಯಾವಾಗಲೂ ಉಣ್ಣೆಯ ಮತ್ತು ಹೊಗೆಯ ವಾಸನೆ ಇರುತ್ತಿತ್ತು. ಅವಳ ಪಕ್ಕ ಕೂತು ಕೂತು ನನಗೂ ಅದು ಹತ್ತಿಕೊಂಡು, ಅವ್ವ ಸೀಗೆಕಾಯಿ ಹಚ್ಚಿ ಬಯ್ಯುತ್ತ ತಿಕ್ಕುತ್ತಿದ್ದಳು.

ಹೈಸ್ಕೂಲಿನಲ್ಲಿ ಹೆಸರು ಹಚ್ಚಿಸಲು ಹೋದ ದಿನ ಗುಮಾಸ್ತರು ಮರಾಠಿಯಲ್ಲಿ, "ಜಾ, ಆಯಿಲಾ ಘೇವೂನ್ ಯೇ", ಹೋಗಿ ಆಯಿಯನ್ನು ಕರೆದುಕೊಂಡು ಬಾ ಎಂದರು. ಅವರ ಮಾತಿನಲ್ಲಿ ಆಯಿ ಎಂದರೆ ತಾಯಿ, ನಮ್ಮ ಮನೆಯಲ್ಲಿ ಆಯಿ ಎಂದರೆ ಅಪ್ಪನ ತಾಯಿ. ನಾನು ಹೋಗಿ ಅಜ್ಜಿಯನ್ನು ಕರೆತಂದೆ, ಜೊತೆಗೆ ಮಾಯವ್ವ ಇದ್ದೇ ಇದ್ದಳು. ಗುಮಾಸ್ತರು ನಕ್ಕರು. ಆಯಿ ನಗಲಿಲ್ಲ. "ಬಂದೇನಿ ಅಂದ ಮ್ಯಾಗ ಎಲ್ಲಾ ನೋಡ್ಕೊಂಡ ಹೋಗ್ತೇನಿ" ಎಂದು ಸೆರಗು ಸಿಕ್ಕಿಸಿಕೊಂಡಳು. ಪಾಪ, ಸಾಲಿಯ ಶಿಪಾಯಿ ಕೀಲಿಕೈಯ ಗೊಂಚಲು ಹಿಡಿದು ನಮ್ಮ ಮುಂದೆ ಮುಂದೆ ನಡೆದ.

ಸೂಟಿ, ಅಂದರೆ ಬೇಸಿಗೆ ರಜೆ, ಇನ್ನೂ ಮುಗಿದಿರಲಿಲ್ಲ, ಎಲ್ಲ ಕೋಣೆಗಳೂ ಮುಚ್ಚಿದ್ದವು. ಟೆಕ್ನಿಕಲ್ ಶೆಡ್ಡಿನ ಬಾಗಿಲು ತೆಗೆದರೆ ಕಬ್ಬಿಣದ ಪುಡಿ ಮತ್ತು ಎಣ್ಣೆಯ ವಾಸನೆ. ಹೊಲಿಗೆಯ ಕೋಣೆಯಲ್ಲಿ ಮಶೀನುಗಳು ಹೆಂಗಸರ ಹಾಗೆ ಮುಸುಕು ಹೊದ್ದು ಸಾಲಾಗಿ ಕೂತಿದ್ದವು. ಚಿತ್ರಕಲೆಯ ಹಾಲಿನಲ್ಲಿ ಮೂಗು ಮುರಿದ ಒಂದು ಮಣ್ಣಿನ ಗೊಂಬೆ, ಗಾಯನದ ಕೋಣೆಯಲ್ಲಿ ಇಲಿ ಕಡಿದ ಹಾರ್ಮೋನಿಯಂ. ಆಯಿ ಅದರ ಮೇಲೊಂದು ಬೆರಳು ಒತ್ತಿ, ದನಿ ಬರದಿದ್ದಾಗ, "ಇದೂ ಸೂಟ್ಯಾಗೈತಿ" ಎಂದಳು. ಸಂಸ್ಕೃತದ ವರ್ಗ ಎಲ್ಲಕ್ಕಿಂತ ಸ್ವಚ್ಛವಾಗಿತ್ತು. ಬೆಂಚುಗಳಿಗೆ ಹೊಸ ಬಣ್ಣ, ಗೋಡೆಗೆ ಚಂದದ ಅಕ್ಷರದ ಸುಭಾಷಿತ. ಆಯಿ ಅಲ್ಲಿ ಕೈ ಮುಗಿದು ಬಂದಳು, ಗುಡಿ ಇರಬೇಕೆಂದುಕೊಂಡಳೋ ಏನೋ.

ಕೊನೆಗೆ ಹಿತ್ತಲ ಬಾಗಿಲು ತೆಗೆದರು. ಅಲ್ಲಿ ರಜೆ ಇರಲಿಲ್ಲ. ಬಾವಿಯ ಪಂಪು ಗುಡುಗುಡು ಎನ್ನುತ್ತಿತ್ತು. ಕಾಲುವೆಯಲ್ಲಿ ನೀರು ಓಡುತ್ತಿತ್ತು, ಬದನೆ ಗಿಡಗಳಲ್ಲಿ ಕಾಯಿ ತೂಗುತ್ತಿದ್ದವು, ಚಪ್ಪರದ ಕೆಳಗೆ ಎರಡು ಎತ್ತುಗಳು ಮೆಲುಕು ಹಾಕುತ್ತಿದ್ದವು. ಶೇತಿಯ ಸರ್ ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ನಿಂತಿದ್ದರು. "ಯಾ ಆಜಿ, ಹೀ ಆಮಚೀ ಶೇತಿ" ಎಂದು ನಮ್ಮನ್ನು ಕರೆದು, ತಲೆಗೊಂದರಂತೆ ಎಳೆಯ ಸೌತೆಕಾಯಿ ಕೊಟ್ಟರು. ಬಿಸಿಲಿಗೆ ಬೆಚ್ಚಗಾಗಿದ್ದ ಆ ಸೌತೆಕಾಯಿಯ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ.

ಮಾಯವ್ವ ಸೌತೆಕಾಯಿ ತಿನ್ನಲೇ ಇಲ್ಲ. ಕಾಲುವೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಯಾರನ್ನೂ ನೋಡದೆ ಹೇಳಿದಳು: "ನಮ್ದೆಲ್ಲಾ ನಡ್ಕೋತ ಹೋಗತೈತಿ ಆಯಿ. ಕುರಿ ನಡೀತಾವ, ನಾಯಿ ನಡೀತೈತಿ, ನಮ್ಮಪ್ಪ ನಡೀತಾನ. ನಾ ಹಚ್ಚಿದ್ದು ಒಂದರ ಹಚ್ಚಿದಲ್ಲೇ ಇರಬೇಕು. ನಾ ಇದನ್ನ ಕಲೀತೇನಿ."

ಆಯಿ ಅವಳನ್ನು ಬಹಳ ಹೊತ್ತು ನೋಡಿದಳು.

ಆದರೆ ಬೀರಪ್ಪ ಕಾಕಾ ಒಪ್ಪಬೇಕಲ್ಲ. ಅವತ್ತೇ ಸಂಜೆ ನಮ್ಮ ಕಟ್ಟೆಗೆ ಬಂದು, ಕಂಬಳಿ ಮಡಚಿ ಅದರ ಮೇಲೆ ಕೂತು, ತನ್ನ ಕಷ್ಟ ಹೇಳಿದ. "ನೋಡ್ರಿ ಆಯಿ, ಕಬ್ಬಿನ ದಾರಿ. ಹರೇಕ ಬರೂ ಹುಡುಗಿನ್ನ ನಸುಕಿನ್ಯಾಗ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ನಿಮ್ಮ ಸವಿ ಜೋಡಿ ಹೋಗೂದಿದ್ರ ಸಾಲಿಗಿ ಕಳಸ್ತೇನಿ. ಇಲ್ಲಂದ್ರ ಮಿರಗದ ಮದಲ ಕುರಿ ಸಂಗಾಟ ಕರ್ಕೊಂಡ ಹೋಗ್ತೇನಿ. ನನಗೇನ ಮನಸಿಲ್ಲಂತ ತಿಳ್ಕೋಬ್ಯಾಡ್ರಿ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊರಿನಿಂದ ಏಳರ ಆಚೆ ಓದುವ ಹುಡುಗಿಯರು ನಾವಿಬ್ಬರೇ. ನಾನು ಸಂಸ್ಕೃತ ತೆಗೆದುಕೊಂಡರೆ ಮಧ್ಯಾಹ್ನ ಹೋಗುತ್ತೇನೆ, ಅವಳು ಮುಂಜಾನೆ ಒಬ್ಬಳೇ ಹೋಗಬೇಕು. ಅಂದರೆ ಹೋಗುವುದೇ ಇಲ್ಲ. ನಾನು ಶೇತಿ ತೆಗೆದುಕೊಂಡರೆ ಇಬ್ಬರೂ ಹೋಗುತ್ತೇವೆ. ಹದಿಮೂರು ವರ್ಷದ ನನಗೆ ಇದಕ್ಕಿಂತ ಸರಳವಾದ ಲೆಕ್ಕ ಜಗತ್ತಿನಲ್ಲಿರಲಿಲ್ಲ.

ಅಪ್ಪನ ಲೆಕ್ಕ ಬೇರೆ ಇತ್ತು. "ಶೇತಿ ಕಲಿಯಾಕ ಸಾಲಿ ಯಾಕ ಬೇಕ? ನಮ್ಮ ಹೊಲ ಇಲ್ಲೇನ? ನಾಳೆ ಮುಂಜಾನೆ ಹೋಗಿ ಕಸ ತಗೀ, ಯಾರ ಬ್ಯಾಡ ಅಂತಾರ?" ಎಂದ. ನಾನು ತಟ್ಟೆ ಸರಿಸಿ ಎದ್ದೆ. ಅವನು ದನಿ ಇಳಿಸಿದ. "ಸವೀ, ನಾ ಸಾಲಿ ಅರ್ಧಾಕ್ಕ ಬಿಟ್ಟಾಂವ. ಅಂಗಡ್ಯಾಗ ಕಲತವ್ರ ಬಂದ್ರ ಇವತ್ತೂ ನಾ ಎದ್ದ ನಿಂದರ್ತೇನಿ. ನನ್ನ ಮಗಳ ಹೆಸರ ಅ ತುಕಡ್ಯಾಗ ಇರ್ಲಿ ಅಂತ ಆಸೆ ಪಡೂದ ತಪ್ಪೇನ?" ನಾನು ಅಡಿಗೆಮನೆಗೆ ಹೋಗಿ ಅವ್ವನ ಮುಂದೆ ಅತ್ತೆ. ಅವ್ವ ಅಪ್ಪನ ಮಾತಿಗೂ ತಲೆಯಾಡಿಸಿದಳು, ನನ್ನ ಅಳುವಿಗೂ ತಲೆಯಾಡಿಸಿದಳು. ಮೂರು ದಿನ ಮನೆಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಆಯಿ ಕೊನೆಗೆ ಹೇಳಿದಳು, "ಸೋಮಾರ ಕಲ್ಮೇಶಗ ಹೂವ ಹಚ್ಚಿ ಕೇಳೂಣು."

ನಮ್ಮ ಕಡೆಯವರಿಗೆ ಹೂವು ಹಚ್ಚಿ ಕೇಳುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕಲ್ಮೇಶ್ವರನ ಹಿತ್ತಾಳೆಯ ಮುಖವಾಡದ ಎರಡೂ ಬದಿಗೆ ಒಂದೊಂದು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದುದನ್ನು ದೇವರಿಗೆ ಕೇಳುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಇದಕ್ಕೆ ಕೌಲು ಎನ್ನುತ್ತಾರೆ. ಬಾವಿ ತೋಡುವುದಿರಲಿ, ಎತ್ತು ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಕೌಲು ಕೇಳದೆ ಊರಲ್ಲಿ ಏನೂ ನಡೆಯುತ್ತಿರಲಿಲ್ಲ. ಹೂವು ಹಚ್ಚುವವನು ಪೂಜಾರಿ ಶಂಕ್ರಪ್ಪ. ಆದರೆ ದೇವರಿಗೆ ಪ್ರಶ್ನೆ ಕೇಳುವವಳು ನಮ್ಮ ಆಯಿ. ಮಂದಿ ತಮ್ಮ ತೊಡಕನ್ನು ಅವಳೆದುರು ಹೇಳಿಕೊಳ್ಳುತ್ತಿದ್ದರು. ಅವಳು ಅದನ್ನು ಹೌದು ಅಥವಾ ಅಲ್ಲ ಎಂದು ಹೇಳಲು ಬರುವ ಹಾಗೆ ಜೋಡಿಸಿ, ಅವರ ಪರವಾಗಿ ಕೇಳುತ್ತಿದ್ದಳು. ದೇವರಿಗೆ ಅಡ್ಡಾದಿಡ್ಡಿ ಕೇಳಿದರೆ ಅಡ್ಡಾದಿಡ್ಡಿ ಉತ್ತರವೇ ಬರುತ್ತದೆ ಎಂದು ಅವಳ ಅಂಬೋಣ.

ಅವಳದು ಒಂದೇ ನೇಮ. ಒಮ್ಮೆ ಕೇಳಬೇಕು, ಎರಡನೇ ಸಲ ಕೇಳಕೂಡದು. "ಮತ್ತೊಮ್ಮೆ ಕೇಳಿದ್ರ ಅವ್ನ ಮಾರಿ ಮ್ಯಾಗ ಅವ್ನ ಸುಳ್ಳ ಅಂದಂಗ" ಎನ್ನುತ್ತಿದ್ದಳು. ಎತ್ತಿನ ಸಲುವಾಗಿ ಎಡಕ್ಕೆ ಬಿದ್ದಾಗ ಇನ್ನೊಮ್ಮೆ ಕೇಳೆಂದು ಕಾಲಿಗೆ ಬಿದ್ದ ಮುದುಕನನ್ನೂ ಅವಳು ಗದರಿಸಿ ಕಳಿಸಿದ್ದಳು. ಪರರಿಗೆ ಒಂದು, ತನಗೆ ಒಂದು ಎಂದು ಮಾಡಿದವಳೂ ಅಲ್ಲ. ಅಪ್ಪನ ತಂಗಿ ಶಾಂತತ್ತೆಗೆ ನಿಪ್ಪಾಣಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವ, ಅತ್ತೆಗೂ ಮನಸ್ಸಿತ್ತು. ಹೂವು ಎಡಕ್ಕೆ ಬಿತ್ತು. ಆಯಿ ಆ ಸಂಬಂಧ ಬಿಟ್ಟಳು. ಶಾಂತತ್ತೆಯನ್ನು ಆಮೇಲೆ ಇಚಲಕರಂಜಿಗೆ ಕೊಟ್ಟರು. ಉಣ್ಣಲು ಉಡಲು ಕೊರತೆಯಿಲ್ಲ, ಆದರೆ ತವರಿಗೆ ಬಂದಾಗ ಅತ್ತೆ ನಗುವುದನ್ನು ನಾನು ನೋಡಿರಲಿಲ್ಲ. ಇಂಥ ಆಯಿ ಕೇಳುತ್ತಾಳೆಂದರೆ ಅದರ ಮೇಲೆ ಮಾತಿಲ್ಲ. ಅದಕ್ಕೇ ಅಪ್ಪನೂ ಒಪ್ಪಿದ, ನಾನೂ ಒಪ್ಪಿದೆ.

ಸೋಮವಾರ ಮುಂಜಾನೆ ಮೋಡ ಕಟ್ಟಿತ್ತು. ಬೀರಪ್ಪ ಕಾಕಾನ ಮಂದೆ ಊರ ಹೊರಗೆ ಹೊರಡಲು ನಿಂತಿತ್ತು, ಗುಡಿಯೊಳಗೂ ಕುರಿಗಳ ದನಿ ಕೇಳುತ್ತಿತ್ತು. ಕಾಕಾ ಮತ್ತು ಮಾಯವ್ವ ಮೆಟ್ಟಿಲ ಬಳಿ ನಿಂತಿದ್ದರು. ಮಾಯವ್ವ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದಿದ್ದಳು, ಅವತ್ತೇ ಸಾಲಿ ಸುರುವಾಗುತ್ತದೆ ಎನ್ನುವ ಹಾಗೆ. ಊರ ನಾಕು ಮಂದಿ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಊದುಬತ್ತಿ ಮತ್ತು ಹಸಿ ಕಲ್ಲಿನ ವಾಸನೆ. ಶಂಕ್ರಪ್ಪ ಹೂವು ಅದ್ದಿ ಹಚ್ಚಿದ. ಆಯಿ ಕೈ ಮುಗಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಕಲ್ಮೇಶಾ, ನನ್ನ ಮೊಮ್ಮಗಳು ಸವಿ ಹೈಸ್ಕೂಲಿಗಿ ಹೊಂಟಾಳ. ಶೇತಿ ವಿಷಯ ತಗೊಂಡ್ರ ಆಕೀಗಿ ಛಲೋ ಆಗೂದಿದ್ರ ಬಲಕ್ಕ ಕೊಡು. ಇಲ್ಲಂದ್ರ ಎಡಕ್ಕ ಕೊಡು."

ನಾನು ಬಲಗಡೆಯ ಹೂವಿನಿಂದ ಕಣ್ಣು ತೆಗೆಯಲಿಲ್ಲ. ಬೀಳು, ಬೀಳು, ಬೀಳು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ತಪ್ ಎಂದು ಸಣ್ಣದೊಂದು ಸಪ್ಪಳವಾಯಿತು. ಬಲಗಡೆಯ ಹೂವು ಇದ್ದಲ್ಲೇ ಇತ್ತು.

"ಎಡಾ ಕೊಟ್ಟಾನ್ರಿ" ಎಂದ ಶಂಕ್ರಪ್ಪ.

ಅಪ್ಪ ಉಸಿರು ಬಿಟ್ಟ. ಖುಷಿ ತೋರಿಸಬಾರದೆಂದು ಕಂಬದ ಕಡೆಗೆ ಮುಖ ಮಾಡಿದ. ಬೀರಪ್ಪ ಕಾಕಾ ಕೆಳಗಿನಿಂದಲೇ ಕೈ ಮುಗಿದ. "ಆತ ಬಿಡ್ರಿ ಆಯಿ. ಅವ್ನ ಹೇಳಿದ ಮ್ಯಾಗ ಮುಗೀತು" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡ. ಮಾಯವ್ವ ಅಳಲಿಲ್ಲ. ಎರಡೂ ಜಡೆಗಳ ರಿಬ್ಬನ್ ಬಿಚ್ಚಿ, ನೀಟಾಗಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಕುರಿಯ ಹಿಂದೆ ಹೋಗಲು ರಿಬ್ಬನ್ ಯಾಕೆ ಎಂದಿರಬೇಕು. ಅದನ್ನು ಕಂಡು ನನ್ನ ಎದೆ ಒಡೆದೇ ಹೋಯಿತು.

ಆಯಿಯೂ ಅದನ್ನು ನೋಡಿದಳು. ಕಾಕಾ ಮತ್ತು ಮಾಯವ್ವ ಗುಡಿಯ ಮುಂದಿನ ಬೇವಿನ ಮರದ ತನಕ ಹೋಗಿರಬೇಕು, ಅಷ್ಟರಲ್ಲಿ ಗುಡಿಯೊಳಗಿಂದ ಅವಳ ದನಿ ಬಂತು: "ನಿಲ್ಲೋ ಬೀರಪ್ಪಾ. ಶಂಕ್ರಪ್ಪಾ, ಬ್ಯಾರೆ ಹೂವ ತಾ."

ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಶಂಕ್ರಪ್ಪ ಹೂವಿನ ಬುಟ್ಟಿಯನ್ನು ಹಿಂದಕ್ಕೆ ಸರಿಸಿದ. "ಅವ್ವಾರ, ನೀವ ಹಿಂಗಂದ್ರ ಹ್ಯಾಂಗ್ರಿ? ಎರಡನೇ ಸಲ ಕೇಳಬಾರದ್ರಿ."

"ಕೇಳಬಾರದಂತ ನಿನಗ ಹೇಳಿಕೊಟ್ಟಾಕಿ ಯಾರು? ನಾನ ಹೌದಲ್ಲೊ? ಈಗ ನಾನ ಕೇಳಾಕತ್ತೇನಿ. ಹಚ್ಚು."

ಅಪ್ಪ ಹತ್ತಿರ ಬಂದು ಮೆಲ್ಲಗೆ, "ಅವ್ವಾ, ಬ್ಯಾಡ. ಮಂದಿ ಏನಂದಾರು?" ಎಂದ.

ಆಯಿ ಅವನ ಕಡೆ ತಿರುಗಿದಳು. "ಶಾಂತಾನ ಸಲುವಾಗಿ ಎರಡನೇ ಸಲ ಕೇಳಲಿಲ್ಲ ನಾ. ಕೇಳಬೇಕಿತ್ತು. ಅದನ್ನ ಇಷ್ಟ ವರ್ಷ ಹೊತ್ಕೊಂಡ ತಿರಗಾಕತ್ತೇನಿ. ಇನ್ನೊಂದ ಹುಡುಗೀದು ಹೊರಾಕ ನನ್ನ ಕಡೆ ಆಗೂದಿಲ್ಲಪ್ಪಾ."

ಅಪ್ಪ ಹಿಂದೆ ಸರಿದ. ಶಂಕ್ರಪ್ಪ ಹೊಸ ಹೂವು ಹಚ್ಚಿದ. ಆಯಿ ಈ ಸಲ ಕೈ ಮುಗಿಯಲಿಲ್ಲ, ಪಕ್ಕದ ಮನೆಯವರೊಂದಿಗೆ ಮಾತಾಡುವ ಹಾಗೆ ದೇವರೊಡನೆ ಮಾತಾಡಿದಳು.

"ಆಗ ಕೇಳಿದ್ದ ನನ್ನ ಮೊಮ್ಮಗಳ ಛಲೋದ್ದ ಅಷ್ಟ. ನನಗೂ ನನ್ನ ಮನೀದ ಮದಲ ಕಂಡಿತು. ಆ ಹುಡುಗಿ ಮಾತ ನಾ ತಗೀಲೇ ಇಲ್ಲ. ತಪ್ಪ ನಂದು, ನಿಂದಲ್ಲ. ಈಗ ಕೇಳತೇನಿ ಕೇಳು. ಈ ಎರಡೂ ಹುಡುಗ್ಯಾರು ಜೋಡಿಲೆ ಹೋಗಲಿ ಏನ? ಹೋಗಲಿ ಅಂದ್ರ ಬಲಕ್ಕ ಕೊಡು."

ಕಾದೆವು. ಹೂವು ಬೀಳಲಿಲ್ಲ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಶಂಕ್ರಪ್ಪ ಗಂಟೆ ಬಾರಿಸಿದ, ಸುಮ್ಮನಾದ, ಮತ್ತೆ ಬಾರಿಸಿದ. ಹಿತ್ತಾಳೆಯ ಮೇಲಿನ ನೀರು ಆರುತ್ತ ಬಂತು. ಹೊರಗೆ ಒಂದೊಂದೇ ಹನಿ ಬೀಳತೊಡಗಿತು. ಮಂದೆ ಹೊಡೆಯುವವರು ಬೀರಪ್ಪ ಕಾಕಾನನ್ನು ಕೂಗಿ ಕರೆಯುತ್ತಿದ್ದರು. ದೇವರಿಗೆ ಸಿಟ್ಟು ಬಂದಿದೆ ಎಂದು ಯಾರೋ ಪಿಸುಗುಟ್ಟಿದರು.

ಆಯಿ ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ, "ಸುಮ್ನ ಕುಂತಾನ ನೋಡು. ಅವಂಗೂ ಬಾಯಿ ಬರವಲ್ದು" ಎಂದು, ಗರ್ಭಗುಡಿಯ ಹೊಸ್ತಿಲು ದಾಟಿ ಒಳಗೆ ಹೋಗಿ, ಬಲಗಡೆಯ ಹೂವನ್ನು ತನ್ನ ಕೈಯಿಂದಲೇ ಕಿತ್ತಳು. ಅವಳು ಹೊರಗೆ ಬಂದು, ಮಳೆಹನಿಯಲ್ಲಿ ಬೇವಿನ ಮರದ ತನಕ ನಡೆದು, ಆ ಹೂವನ್ನು ಮಾಯವ್ವನ ಬಿಚ್ಚಿದ ಜಡೆಗೆ ಸಿಕ್ಕಿಸಿದಳು.

"ಬೀರಪ್ಪಾ, ಬಲಾ ಕೊಟ್ಟಾನ. ಹುಡುಗಿನ್ನ ಬಿಟ್ಟ ಹೋಗು."

ಬೀರಪ್ಪ ಕಾಕಾ ಅಷ್ಟು ದೊಡ್ಡ ಆಳು, ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. "ಹೌದ್ರಿ ಆಯಿ" ಎಂದಷ್ಟೇ ಹೇಳಿ, ಮಗಳ ತಲೆಯ ಮೇಲೆ ಕೈಯಿಟ್ಟು, ಮಂದೆಯ ಹಿಂದೆ ಹೋದ.

ಅಪ್ಪ ಮರುದಿನ ಹೈಸ್ಕೂಲಿಗೆ ಬಂದು ಒಂದೂ ಮಾತಾಡದೆ ನನ್ನ ಹೆಸರನ್ನು 'ಡ' ತುಕಡಿಯಲ್ಲಿ ಬರೆಸಿದ. ಅವನ ಮುನಿಸು ಆಗಸ್ಟಿನ ತನಕ ನಡೆಯಿತು. ಒಂದು ಮುಂಜಾನೆ ಅಂಗಡಿಗೆ ಹೋಗುವಾಗ ಸೈಕಲ್ಲು ನಿಲ್ಲಿಸಿ, ಸಾಲಿಯ ಹೊಲದ ಬೇಲಿಯ ಆಚೆಯಿಂದ ನಾವು ಹಚ್ಚಿದ ಮೆಣಸಿನ ಸಸಿಗಳನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. "ಏ, ಇಷ್ಟ ದಟ್ಟ ಹಚ್ಚತಾರೇನ? ಗಾಳಿ ಹ್ಯಾಂಗ ಆಡಬೇಕ?" ಎಂದು ಬೇಲಿ ಹಾರಿ ಬಂದ. ಶೇತಿಯ ಸರ್ ನಕ್ಕು ಅವನ ಕೈಗೆ ಕಳೆ ತೆಗೆಯುವ ಕುರ್ಪಿ ಕೊಟ್ಟರು. ಅವತ್ತು ಅಂಗಡಿ ತೆರೆಯುವುದು ತಡವಾಯಿತು.

ಆ ಮೂರು ವರ್ಷಗಳ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ನಸುಕಿನಲ್ಲಿ ಕಬ್ಬಿನ ನಡುವಿನ ದಾರಿ, ಗರಿಗಳಿಂದ ತೊಟ್ಟಿಕ್ಕುವ ಇಬ್ಬನಿ, ಆಲೆಮನೆಯ ಕಡೆಯಿಂದ ಬರುವ ಬಿಸಿ ಬೆಲ್ಲದ ವಾಸನೆ. ಅಂಜಿಕೆಯಾದರೆ ಜೋರಾಗಿ ಪಾಢೆ ಹೇಳುತ್ತ ಹೋಗುತ್ತಿದ್ದೆವು, ಮಗ್ಗಿಯನ್ನು ನಮ್ಮ ಸಾಲಿಯಲ್ಲಿ ಹಾಗೆ ಕರೆಯುತ್ತಿದ್ದರು. ನನ್ನ ಬುತ್ತಿಯ ರೊಟ್ಟಿ ಅವಳಿಗೆ, ಅವಳ ಬುತ್ತಿಯ ಕುರಿಹಾಲಿನ ಗಿಣ್ಣ ನನಗೆ. ಮಾಯವ್ವ ಮೊದಲ ವರ್ಷವೇ ಒಂದು ನುಗ್ಗೆಯ ಟೊಂಗೆ ನೆಟ್ಟಳು. ಅದು ಚಿಗುರಿದ ದಿನ ವರ್ಗಕ್ಕೆಲ್ಲ ತೋರಿಸಿದಳು, ಮರುದಿನ ಸಾಲಿಯ ಎತ್ತು ಅದನ್ನು ಬುಡಸಮೇತ ತಿಂದಿತು. "ಹಚ್ಚಿದಲ್ಲೇ ಇರೂದ ನನ್ನ ನಸೀಬದಾಗಿಲ್ಲ ಬಿಡು" ಎಂದು ಅವಳು ನಕ್ಕು ನಕ್ಕು ಅಲ್ಲೇ ಕೂತಳು. ಆಮೇಲೆ ಮತ್ತೊಂದು ನೆಟ್ಟಳು, ಎತ್ತಿಗೆ ಎಟುಕದ ಕಡೆ.

ಬೆಲೆ ತೆತ್ತವಳು ಆಯಿ. ಆ ವರ್ಷ ಮಳೆ ನಡುವೆ ಕೈ ಕೊಟ್ಟರೂ ಆಯಿಯ ತಪ್ಪು, ಯಾರದೋ ಎಮ್ಮೆ ಹಾಲು ಕಡಿಮೆ ಮಾಡಿದರೂ ಆಯಿಯ ತಪ್ಪು. ಕೌಲು ಕೇಳಿಸಲು ಮಂದಿ ಮೇಲಿನ ಓಣಿಯ ನೀಲವ್ವಜ್ಜಿಯ ಕಡೆ ಹೋಗತೊಡಗಿದರು. ಸೋಮವಾರ ನಮ್ಮ ಕಟ್ಟೆ ಖಾಲಿ ಬಿದ್ದಿರುತ್ತಿತ್ತು. ಅವಳು ಗುಡಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಹೊಸ್ತಿಲ ಹೊರಗೇ ನಿಂತು, ಏನೂ ಕೇಳದೆ, ದೇವರ ಮುಖ ನೋಡಿ ತಿರುಗಿ ಬರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಆಯಿ, ದೇವ್ರು ನಿನ್ನ ಮ್ಯಾಗ ಸಿಟ್ಟಾಗ್ಯಾನೇನ?"

"ಆಗಿರಬೇಕು. ಮನ್ಯಾನ ಮಂದಿ ಮ್ಯಾಗ ಮನ್ಯಾನ ಮಂದಿ ಸಿಟ್ಟ ಆಗೂದಿಲ್ಲೇನ? ಇವತ್ತಿಲ್ಲ ನಾಳೆ ಮಾತಾಡ್ತಾನ ತಗೋ" ಎಂದಳು. ಎಲೆಗೆ ಸುಣ್ಣ ಹಚ್ಚುತ್ತ, "ನೀವಿಬ್ಬರೂ ಇವತ್ತ ಏನ ಕಲತ್ರಿ, ಅದನ್ನ ಹೇಳು" ಎಂದಳು.

ಮಾಯವ್ವ ಹತ್ತನೆಯದು ಪಾಸಾದ ದಿನ ಬೀರಪ್ಪ ಕಾಕಾ ಮಂದೆ ಬಿಟ್ಟು ಬಂದು ಓಣಿಗೆಲ್ಲ ಪೇಢೆ ಹಂಚಿದ. ಮೊದಲ ಪೇಢೆಯನ್ನು ಆಯಿಯ ಬಾಯಿಗೇ ಇಟ್ಟ. ಈಗ ಮಾಯವ್ವ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಮಂದೆಯೂ ಇದೆ, ಬಾವಿಯ ನೀರಿನ ತುಂಡು ಹೊಲವೂ ಇದೆ. ಮೊದಲ ಮಳೆ ಬಿದ್ದ ದಿನ ತಪ್ಪದೆ ಫೋನು ಮಾಡುತ್ತಾಳೆ, ಏನು ಬಿತ್ತಿದೆ ಎಂದು ಹೇಳುತ್ತಾಳೆ, ಮೊದಲಿನ ಹಾಗೇ ನನ್ನನ್ನು ಕಾಡಿಸುತ್ತಾಳೆ. ಶಾಂತತ್ತೆ ಆ ಗುಡಿಯ ಸಂಗತಿ ಕೇಳಿ ಒಂದು ವಾರ ತವರಿಗೆ ಬಂದಿದ್ದು, ಆಯಿಯ ಮಗ್ಗುಲಲ್ಲಿ ಮಲಗಿ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದದ್ದು ನೆನಪಿದೆ. ಏನು ಮಾತಾಡಿದರೋ ನನಗೆ ತಿಳಿಯದು. ಆಯಿ ಹೋಗಿ ಬಹಳ ವರ್ಷಗಳಾದವು.

ನಾನೀಗ ಕೊಲ್ಹಾಪುರದಲ್ಲಿದ್ದೇನೆ. ಹೋದ ವರ್ಷ ಗಡಹಿಂಗ್ಲಜಕ್ಕೆ ಹೋದಾಗ ಹೈಸ್ಕೂಲಿನ ಹಿತ್ತಲಿಗೆ ಹೋಗಿ ನೋಡಿದೆ. ಬಾವಿಗೆ ಜಾಳಿಗೆ ಹೊದಿಸಿದ್ದಾರೆ, ಹೊಲ ಇದ್ದಲ್ಲಿ ಗಾಡಿಗಳು ನಿಲ್ಲುತ್ತವೆ. ಶೇತಿ ಎಂಬ ವಿಷಯವೇ ಈಗಿಲ್ಲ, ಹೊಲಿಗೆಯೂ ಇಲ್ಲ. ನನ್ನ ಮಗಳು ಈ ಜೂನಿನಲ್ಲಿ ಇಲ್ಲಿ ಎಂಟಕ್ಕೆ ಬಂದಳು. ವಿಷಯ ಆರಿಸಿಕೊಳ್ಳಿ ಎಂದು ಮೊಬೈಲಿಗೆ ಬಂತು. ಊಟ ಮಾಡುತ್ತಲೇ ಎಡಗೈಯಿಂದ ಒತ್ತಿದಳು, ಆಯಿತು. ಅಳು ಇಲ್ಲ, ಮುನಿಸು ಇಲ್ಲ, ತಟ್ಟೆ ಸರಿಸುವುದಿಲ್ಲ. ಒಳ್ಳೆಯದೇ ಆಯಿತೆಂದು ನಾನೂ ಅಂದುಕೊಂಡೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮಗಳು ಹೇಳಿದಳು, "ಮಮ್ಮಿ, ನನ್ನ ಬಾಜೂಕ ಕೂಡ್ತಿದ್ಳಲಾ ಸಾನಿಕಾ, ಆಕಿ ಸಾಲಿಗಿ ಬರೂದ ಬಿಟ್ಟಾಳ."

"ಯಾಕ?"

"ಯಾರಿಗ ಗೊತ್ತು? ಆಕಿ ವ್ಯಾನ್ ಬ್ಯಾರೆ."

"ಆಕಿ ಮನಿ ಎಲ್ಲೈತಿ?"

ಮಗಳು ಕೈಯಲ್ಲಿನ ತುತ್ತು ಹಾಗೇ ಹಿಡಿದುಕೊಂಡು ಯೋಚಿಸಿದಳು. "ಗೊತ್ತಿಲ್ಲ ಮಮ್ಮಿ."

ಬಯ್ಯಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಆ ಹುಡುಗಿ ಐದನೆಯದರಿಂದ ನನ್ನ ಮಗಳ ಪಕ್ಕ ಕೂತವಳು, ಅವಳ ಮನೆ ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ. ಆಯಿ ಇದ್ದಿದ್ದರೆ ಅವಳಿಗೆ ಗೊತ್ತಿರುತ್ತಿತ್ತು.